ಷಡ್ಡಕನ ಸ್ಪಿರಿಟ್ಟು, ನನ್ನ ಪೆಟ್ರೋಲು

ಹೋದ ವಾರ ಮನೆಯ ಹಳೆಯ ಕಪಾಟಿಗೆ ಪಾಲಿಶ್ ಹಾಕಿಸಿದೆವು. ಬಡಗಿ ಹಜಾರದಲ್ಲಿ ಕುಳಿತು, ಬಾಟಲಿಯಲ್ಲಿದ್ದ ಸ್ಪಿರಿಟ್ಟಿಗೆ ಅರಗಿನ ಚಕ್ಕೆಗಳನ್ನು ಹಾಕಿ ಅಲ್ಲಾಡಿಸುತ್ತಿದ್ದ. ಚಕ್ಕೆಗಳು ಕರಗುತ್ತಾ ಬಂದಂತೆ ವಾಸನೆ ಮನೆಯನ್ನೆಲ್ಲ ತುಂಬಿತು. ಸ್ವಲ್ಪ ಸಿಹಿಯಾದ, ಮೂಗಿನೊಳಗೆ ತಣ್ಣಗೆ ಕೊರೆಯುವ ವಾಸನೆ... ಸೊಸೆ ಕಿಟಕಿಗಳನ್ನು ತೆರೆದಳು. ನಾನು ಎದ್ದು ಹೋಗಿ ಜಗಲಿಯ ಮೇಲೆ ಕುಳಿತೆ. ನಲವತ್ತು ವರ್ಷಕ್ಕೂ ಹಿಂದಿನ ಹೊಟ್ಟೆಕಿಚ್ಚು, ಸತ್ತೇ ಹೋಗಿದೆ ಎಂದುಕೊಂಡಿದ್ದದ್ದು, ಒಂದೇ ಉಸಿರಿಗೆ ಎದ್ದು ಕುಳಿತಿತ್ತು.

ಅದು ನನ್ನ ಷಡ್ಡಕನ ವಾಸನೆ. ನನ್ನ ಹೆಂಡತಿಯ ತಂಗಿಯ ಗಂಡ. ಅವನ ಅಂಗಿ, ಕೈ, ತಲೆಗೂದಲು ಎಲ್ಲದರಲ್ಲೂ ಸ್ಪಿರಿಟ್ಟಿನ ವಾಸನೆ ಇರುತ್ತಿತ್ತು. ಅವನು ಕುಡಿಯುತ್ತಿರಲಿಲ್ಲ, ಗಾಡಿಗೆ ಕುಡಿಸುತ್ತಿದ್ದ. ಅವನೇ ಕುಡಿಯುವವನಾಗಿದ್ದರೆ ನನಗೆ ಎಷ್ಟೋ ಸುಖವಾಗಿರುತ್ತಿತ್ತು. ಬೈಯುವುದಕ್ಕೆ ಒಂದು ಕಾರಣವಾದರೂ ಸಿಕ್ಕುತ್ತಿತ್ತು.

ನಮ್ಮ ಮಾವನವರದು ಶ್ರೀನಿವಾಸಪುರದಿಂದಾಚೆ ಒಂದು ಹಳ್ಳಿ. ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿದು, ಕಾಯಿ ಕೀಳಿಸಿ, ಬುಟ್ಟಿಗೆ ತುಂಬಿಸಿ, ಮದರಾಸಿನ ರೈಲಿಗೆ ಹಾಕಲು ಮಾಲೂರಿಗೆ ಸಾಗಿಸುವ ವ್ಯಾಪಾರ ಅವರದು. ಮಾವಿನ ಕಾಲ ಮುಗಿದರೆ ಹುಣಸೆಹಣ್ಣು, ಆಲೂಗಡ್ಡೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು ಅವರು ಒಂದು ಮೋಟಾರು ಕೊಂಡರು. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ತೆರೆದ ತೊಟ್ಟಿ. ಈಗಿನವರು ಅಂಥದಕ್ಕೆ ಪಿಕಪ್ ಎನ್ನುತ್ತಾರೆ, ನಾವು ಮರಿ ಲಾರಿ ಎನ್ನುತ್ತಿದ್ದೆವು. ನಾನು ಆಗ ಕೋಲಾರದ ಬಸ್ಸೊಂದರಲ್ಲಿ ಡ್ರೈವರ್. ಮರಿ ಲಾರಿ ಬಂದ ವರ್ಷವೇ ಮಾವ ನನ್ನನ್ನು ಹುಡುಕಿಕೊಂಡು ಬಂದು ಹಿರಿಯ ಮಗಳನ್ನು ಕೊಟ್ಟರು. ಮಗಳಿಗೆ ಗಂಡ ಬೇಕಾಗಿತ್ತೋ ಗಾಡಿಗೆ ಡ್ರೈವರ್ ಬೇಕಾಗಿತ್ತೋ ಎಂದು ಊರವರು ತಮಾಷೆ ಮಾಡುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಮಾವನವರಿಗೆ ಗಂಡುಮಕ್ಕಳಿರಲಿಲ್ಲ. ಆ ಗಾಡಿಯ ಸ್ಟೇರಿಂಗ್ ಯಾರ ಕೈಯಲ್ಲಿದೆಯೋ ಅವನೇ ಆ ಮನೆಯ ಮಗ ಎಂದು ಊರೆಲ್ಲ ತಿಳಿದಿತ್ತು, ನಾನೂ ತಿಳಿದಿದ್ದೆ.

ಹಾಗೆ ಮಗನಾಗಿದ್ದವನನ್ನು ಬರೀ ಅಳಿಯನನ್ನಾಗಿ ಮಾಡಲು ಅವನು ಬಂದ.

ಮುಳಬಾಗಿಲಿನವನು. ಬೆಂಗಳೂರಿನ ಮೋಟಾರು ಷಾಪಿನಲ್ಲಿ ಕೆಲಸ ಕಲಿತಿದ್ದ. ಎತ್ತರದ ಆಳು, ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅರ್ಧ ತೆಲುಗು ಅರ್ಧ ಕನ್ನಡ ಬೆರೆಸಿ ಮಾತಾಡುತ್ತಿದ್ದ. ಎಂಥ ತೊಂದರೆ ಬರಲಿ, "ಪರ್ವಾಲೇದಣ್ಣಾ" ಎನ್ನುವುದು ಅವನ ರೂಢಿ. ಅವನು ನನ್ನನ್ನು ಬಾಯ್ತುಂಬ ಅಣ್ಣಾ ಎನ್ನುತ್ತಿದ್ದ, ಅದೂ ನನಗೆ ಸಿಟ್ಟು ತರಿಸುತ್ತಿತ್ತು. ಹಬ್ಬದ ಊಟಕ್ಕೆ ಇಬ್ಬರನ್ನೂ ಜೊತೆಗೆ ಕೂರಿಸಿದರೆ ಅತ್ತೆ ನನ್ನ ಎಲೆಯ ಮುಂದೆ ನಿಂತು, "ಇನ್ನೊಂದು ಹೋಳಿಗೆ ಹಾಕ್ಲಾ?" ಎಂದು ಕೇಳುತ್ತಿದ್ದರು. ಅವನಿಗೆ ಕೇಳದೆಯೇ ಹಾಕುತ್ತಿದ್ದರು. ಈ ವ್ಯತ್ಯಾಸ ಹೆಂಡತಿಗೆ ಹೇಳಿದರೆ ಅವಳು ನಕ್ಕುಬಿಟ್ಟಳು. ನಗುವ ಮಾತೇ ಅದು?

ಮಾವ ನಮ್ಮನ್ನು ಕರೆಯುತ್ತಿದ್ದದ್ದು ತೆಲುಗಿನಲ್ಲಿ. ನಾನು ಪೆದ್ದೋಡು, ಅವನು ಚಿನ್ನೋಡು. ದೊಡ್ಡವನು, ಚಿಕ್ಕವನು ಎಂದಷ್ಟೇ ಅರ್ಥ. ಆದರೆ ಕನ್ನಡದ ಕಿವಿಗೆ ಒಂದರಲ್ಲಿ ಪೆದ್ದ ಇದ್ದಾನೆ, ಇನ್ನೊಂದರಲ್ಲಿ ಚಿನ್ನ ಇದೆ. ನಾನು ಇದನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ, ನಾಲ್ಕು ದಿನದ ಉತ್ಸಾಹ ಎಂದುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಬಂತು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು, ಹೊಗೆ ಉಗುಳುತ್ತಾ, ಏರಿನಲ್ಲಿ ಜನರನ್ನು ಇಳಿಸಿ ತಳ್ಳಿಸಿಕೊಳ್ಳುವ ಕಾಲ. ಆಗಲೇ ಈ ಬೆರಕೆ ಎಣ್ಣೆ ನಮ್ಮ ಕಡೆ ಕಾಣಿಸಿಕೊಂಡಿತು. ಸಕ್ಕರೆ ಮಾಡಿದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ಟು ಇಳಿಸಿ ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ ಎಂದರು. ನಾನು ಬೇಡವೇ ಬೇಡ ಎಂದೆ. ಬೆಳಗಿನ ಚಳಿಯಲ್ಲಿ ಹ್ಯಾಂಡಲ್ ಹೊಡೆದು ಹೊಡೆದು ಭುಜ ಬಿದ್ದುಹೋಗುತ್ತದೆ, ಅಷ್ಟೇ ಎಣ್ಣೆಗೆ ಗಾಡಿ ಕಡಿಮೆ ದೂರ ಓಡುತ್ತದೆ, ಎಂಜಿನ್ನಿನ ಹೊಟ್ಟೆ ಕೆಡುತ್ತದೆ ಎಂದು ವಾದ ಮಾಡಿದೆ. ಅವನು ಅದೇ ಎಣ್ಣೆಯೇ ಸರಿ ಎಂದ. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ನು ಟಕಟಕ ಬಡಿದುಕೊಳ್ಳುವುದಿಲ್ಲ, ತಣ್ಣಗೆ ಓಡುತ್ತದೆ, ಸ್ವಲ್ಪ ತಿದ್ದಿಕೊಂಡರೆ ಸಾಕು ಎಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಮಾವ ತಲೆ ಕೆರೆದುಕೊಂಡರು. ಕೊನೆಗೆ ಸಿಕ್ಕುವುದೇ ಅದು ಎಂದಾದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಬೆರಕೆ ಎಣ್ಣೆ ಹಾಕಿಕೊಂಡು ಹೊರಟ ಮೊದಲ ದಿನವೇ ಗಾಡಿ ಕೆರೆ ಏರಿಯ ಮೇಲೆ ನಿಂತಿತು. ಬಾನೆಟ್ಟಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ನನಗೆ ಹಬ್ಬ! ಅವನು ಕಾರ್ಬುರೇಟರ್ ಬಿಚ್ಚಿ ನೋಡಿದ. ಅದರೊಳಗೆ ಒಂದು ಬೆಂಡು ತೇಲುತ್ತಿರುತ್ತದೆ. ಎಣ್ಣೆ ಸಾಕಷ್ಟು ತುಂಬಿದಾಗ ಮೇಲೆದ್ದು ದಾರಿ ಮುಚ್ಚುವುದು ಅದರ ಕೆಲಸ. ಬೆಂಡು ಎಣ್ಣೆ ಹೀರದಿರಲೆಂದು ಅರಗಿನ ಲೇಪ ಕೊಟ್ಟಿದ್ದರು. ಈಗ ಬಡಗಿಯ ಬಾಟಲಿಯಲ್ಲಿ ನೋಡಿದೆನಲ್ಲ, ಹಾಗೆಯೇ ಆ ಅರಗು ಸ್ಪಿರಿಟ್ಟಿನಲ್ಲಿ ಕರಗಿ, ಬೆಂಡು ಎಣ್ಣೆ ಕುಡಿದು ಮುಳುಗಿತ್ತು. "ನಾನು ಹೇಳ್ಲಿಲ್ವಾ?" ಎಂದು ನಾನು ಊರಿಗೆಲ್ಲ ಸಾರಿದೆ. ಅವನು ಮುಳಬಾಗಿಲಿಗೆ ಹೋಗಿ, ಪರಿಚಯದ ಹಿತ್ತಾಳೆ ಕೆಲಸದವನಿಂದ ಟೊಳ್ಳಾದ ಒಂದು ಹಿತ್ತಾಳೆ ಗುಂಡು ಬೆಸೆಸಿಕೊಂಡು ಬಂದು, ಬೆಂಡಿನ ಜಾಗದಲ್ಲಿ ಕೂರಿಸಿದ. ಗಾಡಿ ಓಡಿತು. ಓಡಿತು ಎಂದರೆ, ಅದುವರೆಗೆ ಯಾವತ್ತೂ ಓಡದಷ್ಟು ಮೆತ್ತಗೆ ಓಡಿತು. ಆ ಸದ್ದು ಕೇಳಿ ನನಗೆ ಊಟ ಸೇರಲಿಲ್ಲ.

ಆದರೂ ಸ್ಟೇರಿಂಗ್ ಇನ್ನೂ ನನ್ನದೇ. ರಿಪೇರಿ ಅವನದು, ಓಡಿಸುವುದು ನಾನು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆ ಸಮಯಕ್ಕೆ ಊರಿನ ಆಂಜನೇಯನ ಗುಡಿಯ ಹಳೆಯ ಮೂರ್ತಿ ಬಿರುಕು ಬಿಟ್ಟಿತ್ತು. ಶಿವಾರಪಟ್ಟಣದಲ್ಲಿ ಹೊಸ ಮೂರ್ತಿ ಕಡೆಯಲು ಹೇಳಿದ್ದರು. ಕೆಲಸ ತಡವಾಗಿ, ಪ್ರತಿಷ್ಠೆಯ ಲಗ್ನ ಹತ್ತಿರ ಬಂದುಬಿಟ್ಟಿತು. ಎತ್ತಿನ ಗಾಡಿಯಲ್ಲಿ ತಂದರೆ ಮುಹೂರ್ತಕ್ಕೆ ಮುಟ್ಟುವುದಿಲ್ಲ. ನಮ್ಮ ಮರಿ ಲಾರಿಯಲ್ಲಿ ತರೋಣ ಎಂದರು ಮಾವ. ಊರಿನಲ್ಲಿ ವಯಸ್ಸಾದವರೊಬ್ಬರು ಎದ್ದು ನಿಂತರು.

"ಹೆಂಡ ಕುಡ್ದಿರೋ ಗಾಡೀಲಿ ಸ್ವಾಮೀನ ತರ್ತೀರೇನ್ರೋ?"

ನನ್ನ ಷಡ್ಡಕ ನಕ್ಕ. "ಹೆಂಡ ಅಲ್ಲ ತಾತಾ, ಕಬ್ಬಿಂದು. ಬೆಲ್ಲ ತಿಂತೀರಲ್ಲ, ಅದ್ರ ತಮ್ಮ."

"ಬೆಲ್ಲದ ತಮ್ಮನ್ನೇ ಸಾರಾಯಿ ಅನ್ನೋದು ಕಣೋ," ಎಂದರು ಮುದುಕರು. ಜನ ಗೊಳ್ಳೆಂದು ನಕ್ಕರು. ಅವನ ಮಾತಿಗೆ ಜನ ಅವನನ್ನೇ ನೋಡಿ ನಕ್ಕದ್ದು ಅದೇ ಮೊದಲು. ಆ ಮುದುಕರ ಕಾಲಿಗೆ ಬೀಳೋಣ ಎನ್ನಿಸಿತು ನನಗೆ.

ನನ್ನ ಹತ್ತಿರ ಒಂದು ಟಿನ್ನು ಅಪ್ಪಟ ಪೆಟ್ರೋಲು ಇತ್ತು. ಒಳ್ಳೆಯ ದಿನಗಳಲ್ಲಿ ಎತ್ತಿಟ್ಟು, ಹೆಂಡತಿಗೂ ಹೇಳದೆ ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟಿದ್ದೆ. ಎದ್ದು ನಿಂತು ಆ ವಿಷಯ ಹೇಳಿದೆ. ಮಾವನ ಮುಖ ಅರಳಿತು. "ಪೆದ್ದೋಡಾ, ನೀನೇ ತಗೊಂಡ್ಬಾ ಸ್ವಾಮೀನ," ಎಂದರು, ಎಲ್ಲರಿಗೂ ಕೇಳುವಂತೆ. ಅವತ್ತು ಎಂಥ ನಿದ್ದೆ ಬಂತು ನನಗೆ... ಅಂಥ ನಿದ್ದೆ ಮತ್ತೆ ಬಂದದ್ದು ಕಡಿಮೆ.

ಶಿವಾರಪಟ್ಟಣಕ್ಕೆ ಐದು ಜನ ಹೋದೆವು. ನಾನು, ಮಾವ, ಷಡ್ಡಕ, ಗುಡಿಯ ಪೂಜಾರಿ, ಆ ಮುದುಕರು. ಮೂರ್ತಿ ತುಂಬುವ ಮೊದಲು ಟ್ಯಾಂಕಿನಲ್ಲಿದ್ದ ಬೆರಕೆಯನ್ನೆಲ್ಲ ಬಸಿದು ಹಾಕೋಣ ಎಂದೆ. ಕೂಪನ್ನಿನ ಎಣ್ಣೆಯನ್ನು ಮಣ್ಣಿಗೆ ಚೆಲ್ಲಲು ಮಾವನಿಗೆ ಮನಸ್ಸು ಬರಲಿಲ್ಲ. ಪೂಜಾರಿಯೇ ದಾರಿ ತೋರಿಸಿದರು. ಇರುವುದು ಇರಲಿ, ಅದರ ಮೇಲೆ ಶುದ್ಧವಾದ ಪೆಟ್ರೋಲು ಹಾಕಿ, ಕಲಶದ ತೀರ್ಥ ಬಿಟ್ಟರೆ ಎಲ್ಲವೂ ಶುದ್ಧವಾಗುತ್ತದೆ, ಗಂಗೆ ಸೇರಿದ ಮೇಲೆ ಹಳ್ಳದ ನೀರೂ ಗಂಗೆಯೇ ಎಂದರು. ನಮಗಿದು ಹೊಸದಾಗಿರಲಿಲ್ಲ. ಪ್ರತಿ ಆಯುಧಪೂಜೆಗೂ ಒಂದು ಉದ್ಧರಣೆ ತೀರ್ಥವನ್ನು ಟ್ಯಾಂಕಿಗೆ ಬಿಡುತ್ತಿದ್ದೆವು, ಗಾಡಿಗೆ ಏನೂ ಆಗಿರಲಿಲ್ಲ. ಈ ಸಲ ಸಾರಾಯಿ ತೊಳೆಯಬೇಕಾದ್ದರಿಂದ ಒಂದು ಚೆಂಬು ತುಂಬ ತೀರ್ಥ ತಂದರು.

ಷಡ್ಡಕ ಅಡ್ಡ ಬಂದ. "ಮಾವಾ, ಬೇಡ. ಬರೀ ಪೆಟ್ರೋಲಾದ್ರೆ ನೀರು ತಳದಲ್ಲಿ ತನ್ನ ಪಾಡಿಗೆ ಇರ್ತದೆ. ಸ್ಪಿರಿಟ್ಟು ಹಂಗಲ್ಲ, ನೀರು ಕಂಡ್ರೆ ಪೆಟ್ರೋಲನ್ನ ಬಿಟ್ಟು ಅದ್ರ ಹಿಂದೆ ಹೋಗ್ತದೆ."

"ತೀರ್ಥಕ್ಕೆ ಎದುರು ಮಾತಾಡ್ಬೇಡಪ್ಪಾ," ಎಂದರು ಮಾವ. ಚೆಂಬು ಬರಿದಾಯಿತು.

ಮೂರ್ತಿಯ ಮುಖಕ್ಕೆ ಬಟ್ಟೆ ಕಟ್ಟಿ, ಹುಲ್ಲಿನ ಮೇಲೆ ಮಲಗಿಸಿ, ಹಗ್ಗ ಬಿಗಿದರು. ಹೊರಟ ದೇವರು ಊರು ಸೇರುವ ತನಕ ನೆಲ ಮುಟ್ಟಬಾರದು, ಒಂದು ಗೇಣೂ ಹಿಂದಕ್ಕೆ ಹೋಗಬಾರದು ಎಂದು ಮುದುಕರು ನನಗೆ ಎರಡೆರಡು ಸಲ ಹೇಳಿದರು. ಮುಂದೆ ನಾನು, ಪಕ್ಕದಲ್ಲಿ ಮಾವ. ಹಿಂದೆ ಉಳಿದವರ ಜೊತೆ ಷಡ್ಡಕ, ಮೂರ್ತಿಯನ್ನು ತಬ್ಬಿಕೊಂಡು ಕುಳಿತಿದ್ದ. ಕೋಲಾರ ದಾಟುವವರೆಗೂ ಗಾಡಿ ಸೊಗಸಾಗಿ ಓಡಿತು. ದಾರಿಯ ಹಳ್ಳಿಗಳಲ್ಲಿ ಜನ ಕೈಮುಗಿಯುತ್ತಿದ್ದರು. ದೇವರಿಗೆ ಮುಗಿದದ್ದರಲ್ಲಿ ಅಷ್ಟಿಷ್ಟು ನನಗೂ ಸಲ್ಲುತ್ತದೆ ಎಂದುಕೊಂಡು ಬೀಗುತ್ತಿದ್ದೆ. ಮಾವ ಅವತ್ತು ನನ್ನ ಜೊತೆ ಎಷ್ಟು ಮಾತಾಡಿದರು! ಮುಂದಿನ ವರ್ಷ ಇನ್ನೊಂದು ತೋಪು ಹಿಡಿಯುವ ವಿಚಾರ ಮೊದಲು ಹೇಳಿದ್ದೇ ನನಗೆ.

ಶ್ರೀನಿವಾಸಪುರದ ದಾರಿಯ ಏರೊಂದರ ನಡುವೆ ಎಂಜಿನ್ನು ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತೇ ಹೋಯಿತು. ಗಾಡಿ ಹಿಂದಕ್ಕೆ ಜಾರಲು ನೋಡಿತು. ನಾನು ಬ್ರೇಕಿನ ಮೇಲೆ ಎದ್ದೇ ನಿಂತೆ. ಹಿಂದಿನಿಂದ ಮುದುಕರು "ಸ್ವಾಮೀ, ಸ್ವಾಮೀ" ಎಂದು ಕೂಗುತ್ತಿದ್ದರು.

"ಅಣ್ಣಾ, ಬ್ರೇಕ್ ಬಿಡ್ಬೇಡಿ!" ಎಂದು ಷಡ್ಡಕ ಧುಮುಕಿದ. ಚಕ್ರಗಳ ಹಿಂದೆ ಕಲ್ಲು ಕೊಟ್ಟ. ಗಾಡಿ ಒಂದು ಬೆರಳಿನಷ್ಟೂ ಸರಿಯಲಿಲ್ಲ. ಆಮೇಲೆ ಕೆಳಗೆ ನುಸುಳಿ, ಟ್ಯಾಂಕಿನ ತಳದ ಬಿರಟೆ ತಿರುಗಿಸಿ, ಪೂಜಾರಿಯ ಚೆಂಬಿನಲ್ಲೇ ಹಿಡಿದ. ಮಬ್ಬುಮಬ್ಬಾದ ನೀರು ಬಂತು, ಘಮ್ಮೆನ್ನುವ ಸ್ಪಿರಿಟ್ಟಿನ ವಾಸನೆ. ಒಂದು ಚೆಂಬು ತೀರ್ಥ ಹಾಕಿದ್ದೆವು, ಬಸಿದಷ್ಟೂ ಬರುತ್ತಲೇ ಇತ್ತು. ದಾರಿಯುದ್ದಕ್ಕೂ ಕುಲುಕಾಡಿ ಟ್ಯಾಂಕಿನ ಸ್ಪಿರಿಟ್ಟೆಲ್ಲ ತೀರ್ಥದ ಜೊತೆ ಸೇರಿ ತಳಕ್ಕಿಳಿದು ಕುಳಿತಿತ್ತು, ಎಂಜಿನ್ನಿಗೆ ಹೋಗುತ್ತಿದ್ದದ್ದು ಅದೇ. ಒಳ್ಳೆಯ ಎಣ್ಣೆ ಕಾಣುವ ತನಕ ಬಸಿದು, ಬಿರಟೆ ಬಿಗಿದು, ಕಾರ್ಬುರೇಟರನ್ನೂ ಖಾಲಿ ಮಾಡಿ, ಹ್ಯಾಂಡಲ್ ಹೊಡೆದ. ಎಂಜಿನ್ನು ಹಿಡಿದುಕೊಂಡಿತು.

ನಾನು ಕ್ಲಚ್ಚು ತುಳಿದು ಸಿದ್ಧನಾಗಿದ್ದೆ. ಮಾವ ನನ್ನ ಕಡೆ ತಿರುಗಲೂ ಇಲ್ಲ, ಮುಂದಿನ ಏರನ್ನೇ ನೋಡುತ್ತಾ ಹೇಳಿದರು. "ಪೆದ್ದೋಡಾ, ನೀನು ಹಿಂದಕ್ಕೆ ಹೋಗಿ ಸ್ವಾಮೀನ ಹಿಡ್ಕೋ. ಚಿನ್ನೋಡು ಓಡಿಸ್ಲಿ."

ಇಳಿದೆ. ಹಿಂದೆ ಹತ್ತಿ ಮೂರ್ತಿಯನ್ನು ತಬ್ಬಿಕೊಂಡೆ. ಕಣ್ಣಲ್ಲಿ ನೀರು ಬಂತು, ಧೂಳು ಎಂದು ಒರೆಸಿಕೊಂಡೆ. "ಸ್ವಾಮೀ, ಸಮುದ್ರ ಹಾರಿದವನು ನೀನು, ಪಟ್ಟಕ್ಕೆ ಕೂತವನು ಇನ್ನೊಬ್ಬ. ನನ್ನ ಸಂಕಟ ನಿನಗಾದರೂ ಗೊತ್ತಾಗಬೇಕು," ಎಂದು ಬಟ್ಟೆ ಕಟ್ಟಿದ ಆ ಕಲ್ಲಿನ ಕಿವಿಯಲ್ಲಿ ಹೇಳಿದೆ. ಊರ ಬಾಗಿಲಲ್ಲಿ ಓಲಗ ಕಾದಿತ್ತು. ಹೆಂಗಸರು ಆರತಿ ಎತ್ತಿ, ಗಾಡಿಯ ಮೂತಿಗೆ ಕುಂಕುಮ ಇಟ್ಟು, ಸ್ಟೇರಿಂಗ್ ಹಿಡಿದವನ ಹಣೆಗೂ ಇಟ್ಟರು. ನನ್ನ ತಲೆಯ ತುಂಬ ಹುಲ್ಲು. ಸ್ಪಿರಿಟ್ಟೆಲ್ಲ ರಸ್ತೆಯ ಪಾಲಾಗಿತ್ತು, ಟ್ಯಾಂಕಿನಲ್ಲಿ ಉಳಿದದ್ದು ಪೆಟ್ರೋಲೊಂದೇ. ಅಟ್ಟದಲ್ಲಿ ನಾನು ಬಚ್ಚಿಟ್ಟಿದ್ದ ಪೆಟ್ರೋಲಿನಲ್ಲಿ ಅವನು ಹೆಸರು ಮಾಡಿಕೊಂಡ. ಇದನ್ನು ಯಾರಿಗೆ ಹೇಳಲಿ? ಹೆಂಡತಿಗೆ ಹೇಳಿದೆ. "ಕುಣಿಯೋಕಾಗದೋಳು ನೆಲ ಡೊಂಕು ಅಂದ್ಳಂತೆ," ಎಂದಳು ಮಹಾತಾಯಿ.

ಮಾರನೆಯ ವಾರದಿಂದ ಗಾಡಿ ಅವನದಾಯಿತು. ನಾನು ತೋಪಿನಲ್ಲಿ ನಿಂತು ಬುಟ್ಟಿ ತುಂಬಿಸುವವನಾದೆ. ಅವನು ಕೆರೆ ಏರಿ ದಾಟುವ ಸದ್ದು ತೋಪಿಗೆ ಕೇಳಿಸುತ್ತಿತ್ತು. ಎಲ್ಲಾದರೂ ಒಂದು ಸಲ ಕೆಮ್ಮಲಿ ಎಂದು ಕಿವಿಗೊಡುತ್ತಿದ್ದೆ. ಕೆಮ್ಮುತ್ತಿರಲಿಲ್ಲ...

ಒಂದು ಸಂಜೆ ಅವನೇ ನನ್ನನ್ನು ಹುಡುಕಿಕೊಂಡು ಬಂದ. ಮಿಲಿಟರಿಯವರು ಡ್ರೈವರುಗಳನ್ನು ತೆಗೆದುಕೊಳ್ಳುತ್ತಿದ್ದ ಕಾಲ ಅದು. "ನಾನು ಹೋಗ್ತೀನಿ ಅಣ್ಣಾ. ಅಲ್ಲಿ ಎಂಥೆಂಥಾ ಗಾಡಿಗಳು ಅವೆ ಗೊತ್ತಾ?" ಎಂದ, ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನ ಹಾಗೆ. ನಾನು ಹೋಗಬೇಡ ಎನ್ನಲಿಲ್ಲ. ಅಂದಿದ್ದರೂ ನಿಲ್ಲುವವನಲ್ಲ. ಅವನು ಬಾನೆಟ್ಟು ಎತ್ತಿ, ಬೆರಕೆ ಎಣ್ಣೆಗೆ ಏನೇನು ತಿದ್ದಬೇಕು ಎಂದು ಒಂದೊಂದಾಗಿ ತೋರಿಸಿದ. "ಚಳೀಲಿ ಚೋಕ್ ಪೂರಾ ಎಳ್ದು ಸ್ವಲ್ಪ ಕಾಯಿರಿ. ಗಾಡೀನ ಬೈಬೇಡಿ. ಸ್ಪಿರಿಟ್ಟಿಗೆ ಎಚ್ರ ಆಗೋದು ನಿಧಾನ." ನಾನು ಬೇರೆ ಕಡೆ ನೋಡುತ್ತಾ ನಿಂತಿದ್ದೆ. ಆದರೆ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡೆ.

ಅಸ್ಸಾಮಿನ ಕಡೆ ಹಾಕಿದ್ದಾರೆ ಎಂದು ತಿಳಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಜ್ವರದಲ್ಲಿ ಹೋದ ಎಂಬ ಸುದ್ದಿ ಬಂತು. ಗುಂಡಲ್ಲ, ಬಾಂಬಲ್ಲ, ಜ್ವರ. ನನ್ನ ನಾದಿನಿ ಅವನ ಒಂದು ಅಂಗಿಯನ್ನು ಒಗೆಯಲು ಯಾರಿಗೂ ಕೊಡಲಿಲ್ಲ.

ಗಾಡಿ ಮತ್ತೆ ನನ್ನ ಕೈಗೆ ಬಂತು. ಬೇರೆ ಯಾರಿದ್ದರು? ಮೊದಲ ದಿನ ಮಾಲೂರಿಗೆ ಹೊರಟಾಗ ಮಾವ ಪಕ್ಕದಲ್ಲಿ ಕುಳಿತರು. ಅವನು ಹೇಳಿದ ಹಾಗೆಯೇ ಚೋಕ್ ಎಳೆದು ಕಾದೆ, ಬೈಯಲಿಲ್ಲ, ಗಾಡಿ ಎದ್ದಿತು. ಏರು ಹತ್ತುವಾಗ ಮಾವ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳುತ್ತಿದ್ದರು. "ನಿಧಾನ ಚಿನ್ನೋಡಾ," ಎಂದರು. ಅವರು ಕಣ್ಣು ತೆರೆಯಲಿಲ್ಲ. ನಾನು "ಆಗ್ಲಿ ಮಾವಾ" ಎಂದೆ.

ಮಾವ, ಅತ್ತೆ, ಆ ಮುದುಕರು, ಪೂಜಾರಿ, ಎಲ್ಲರೂ ಹೋಗಿ ಎಷ್ಟೋ ಕಾಲವಾಯಿತು. ನಾದಿನಿಯೂ ಹೋದಳು. ನನ್ನ ಹೆಂಡತಿ ಇರುವ ತನಕ, ಯಾವುದಾದರೂ ಬಸ್ಸು ಏರಿನಲ್ಲಿ ಮುಲುಕಿದರೆ, "ಅವನಾಗಿದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಉರಿದುಬೀಳುತ್ತಿದ್ದೆ. ಈಗ ಎರಡು ವರ್ಷದಿಂದ ಅದನ್ನು ಹೇಳುವವರೂ ಇಲ್ಲ.

ಈಗಲೂ ಹನುಮಜ್ಜಯಂತಿಗೆ ಆ ಹಳ್ಳಿಗೆ ಹೋಗುತ್ತೇನೆ. ಈಗಿನ ಪೂಜಾರಿ ಆ ಪೂಜಾರಿಯ ಮೊಮ್ಮಗ, ಚಿಕ್ಕ ವಯಸ್ಸಿನವನು. "ಸ್ವಾಮೀನ ಮೋಟಾರಲ್ಲಿ ಊರಿಗೆ ತಂದೋರು ಇವ್ರೇ," ಎಂದು ಎಲ್ಲರಿಗೂ ತೋರಿಸಿ, ಮೊದಲ ಮಂಗಳಾರತಿಯನ್ನು ನನಗೇ ಕೊಡುತ್ತಾನೆ. ತಂದವನು ನಾನಲ್ಲಪ್ಪ, ನನ್ನ ಷಡ್ಡಕ ಎಂದು ಹೇಳಲು ಪ್ರತಿ ವರ್ಷವೂ ಬಾಯಿ ತೆರೆಯುತ್ತೇನೆ. ಹಾಳು ಬಾಯಿ, ಇನ್ನೂ ಬರುವುದಿಲ್ಲ. ಕೈಯೊಡ್ಡಿ ಆರತಿ ತೆಗೆದುಕೊಳ್ಳುತ್ತೇನೆ. ಜನ ದಾರಿ ಬಿಡುತ್ತಾರೆ, ಹೆಂಗಸರು ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ಬೇಕೆಂದು ಒದ್ದಾಡಿದ್ದೆಲ್ಲ ಸಿಕ್ಕಿದೆ, ಕಿತ್ತುಕೊಳ್ಳುವವರು ಯಾರೂ ಇಲ್ಲ. ಆದರೂ ತಟ್ಟೆಯ ಮುಂದೆ ನಿಂತಾಗ ಒಂದು ಸಲ ಹಿಂದಿರುಗಿ ನೋಡುತ್ತೇನೆ. ಈ ಮರ್ಯಾದೆಯನ್ನು ಯಾರ ಕಣ್ಣಿಗೆ ಬೀಳಿಸಬೇಕು ಎಂದು ಆಸೆಪಟ್ಟಿದ್ದೆನೋ, ಅವನೊಬ್ಬ ಆ ಜನರಲ್ಲಿ ಇರುವುದಿಲ್ಲ.